ಆರದ ಸುಣ್ಣ

ಗೋಡೆಗಳಿಗೂ ಹಸಿವಾಗುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಹೊಂಬಾಗಿಲು ಎಂಬ ರಾಜ್ಯವನ್ನು ಬಂಕರಸನೆಂಬ ದೊರೆ ಆಳುತ್ತಿದ್ದ. ದೊರೆ ಒಳ್ಳೆಯವನೇ, ಆದರೆ ಸ್ವಲ್ಪ ಸೋಮಾರಿ. ಊರು ಸುತ್ತಿ ಬನ್ನಿ ಪ್ರಭು ಎಂದರೆ ಮಂಡಿನೋವು ಎನ್ನುತ್ತಿದ್ದ. ಊಟಕ್ಕೆ ಬನ್ನಿ ಎಂದರೆ ಮಂಡಿನೋವು ಮಾಯವಾಗುತ್ತಿತ್ತು.

ಅದೇ ಊರಿನಲ್ಲಿ ಕೇತೋಜ ಎಂಬ ಚಿತ್ರಕಾರನಿದ್ದ. ಅವನು ಬರೆಯುತ್ತಿದ್ದದ್ದು ಕಟ್ಟಡಗಳನ್ನು ಮಾತ್ರ. ಗುಡಿ, ಗೋಪುರ, ಮಂಟಪ, ಮೆಟ್ಟಿಲುಬಾವಿ, ಅರಮನೆಯ ಉಪ್ಪರಿಗೆ, ಇಷ್ಟೇ ಅವನ ಪ್ರಪಂಚ. ಕಾವಿಯಲ್ಲಿ ಅದ್ದಿದ ನೂಲನ್ನು ಗೋಡೆಗೆ ಬಿಗಿಹಿಡಿದು ಚಿಟ್ಟನೆ ಮೀಟುತ್ತಿದ್ದ. ನೆಟ್ಟನೆಯ ಕೆಂಪು ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಕಂಬ ಏಳುತ್ತಿತ್ತು, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮಾಡು. ನೋಡಿದವರು ಚಿತ್ರದ ಮೆಟ್ಟಿಲು ಹತ್ತಲು ಹೋಗಿ ಮೂಗು ಜಜ್ಜಿಕೊಂಡದ್ದೂ ಉಂಟು.

ಬೆಳಗಿನ ಹೊತ್ತು ಕೇತೋಜ ತನ್ನ ಮನೆಯ ಜಗುಲಿಯಲ್ಲಿ ಚಿತ್ರಪಾಠ ಹೇಳುತ್ತಿದ್ದ. ಗಾಣದ ಮಾಚಣ್ಣ, ಬಳೆ ಮಾರುವ ಹೊನ್ನವ್ವೆ, ಗುಡಿಯ ಅಡುಗೆಯವರು, ಯಾರು ಬಂದರೂ ಕೂರಿಸಿ ಕಲಿಸುತ್ತಿದ್ದ. ಕಲಿಸುವ ಗುರುವೆಂದು ಊರೆಲ್ಲ ಅವನನ್ನು ಓಜ ಎನ್ನುತ್ತಿತ್ತು. ಗುರುವಿನ ನಿಯಮ ಒಂದೇ. ಮನೆ ಬರೆಯುವವರು ಮನುಷ್ಯರನ್ನು ಬರೆಯಕೂಡದು. ಅದು ಅವನ ಅಪ್ಪ, ಅಜ್ಜ, ಮುತ್ತಜ್ಜರಿಂದ ಬಂದ ಕಟ್ಟಳೆ.

"ಮನೆ ನಿಂತಲ್ಲೇ ನಿಲ್ಲುತ್ತೆ," ಎನ್ನುತ್ತಿದ್ದ. "ಮನುಷ್ಯ ಅಲ್ಲಾಡ್ತಾನೆ. ಅಲ್ಲಾಡೋದನ್ನ ಬರೆಯೋಕೆ ಹೋದರೆ ಕೈ ಕೆಟ್ಟುಹೋಗುತ್ತೆ."

ಆ ಕಟ್ಟಳೆ ಮುರಿಯುತ್ತಿದ್ದವಳು ಅವನ ಮಗಳು ಚಾಗಲೆ ಒಬ್ಬಳೇ. ತಾಯಿಯಿಲ್ಲದ ಹುಡುಗಿ. ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಇದ್ದಿಲಿನಿಂದ ಮುಖಗಳನ್ನು ಬರೆಯುತ್ತಿದ್ದಳು. ಹಾಲು ತರುವವಳ ಮುಖ, ಜಗಳವಾಡುವ ಅತ್ತೆಸೊಸೆಯರ ಮುಖ. ಕೇತೋಜ ಒದ್ದೆಬಟ್ಟೆಯಿಂದ ಒರೆಸಿಹಾಕುತ್ತಿದ್ದ. ಮರುದಿನ ಅಲ್ಲಿ ಹೊಸ ಮುಖಗಳು ಇರುತ್ತಿದ್ದವು. ಮಗಳೆಂದರೆ ತನಗೆ ಪ್ರಾಣ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಹೇಳುವಾಗ ಅವನ ಕಣ್ಣು ಮಾತ್ರ ಯಾವುದೋ ಸೂರಿನ ಮೇಲಿರುತ್ತಿತ್ತು.

ಒಂದು ದಿನ ದೊರೆ ಅವನನ್ನು ಕರೆಸಿದ.

"ಓಜರೇ, ಸಭಾಭವನದ ದೊಡ್ಡ ಗೋಡೆಯ ಮೇಲೆ ನನ್ನ ಇಡೀ ಊರನ್ನು ಬರೆಯಿರಿ. ಕೂತಲ್ಲೇ ಊರು ನೋಡಿದ ಹಾಗಾಗಲಿ."

ಕೇತೋಜನಿಗೆ ಹಿಗ್ಗೂ ಆಯಿತು, ದಿಗಿಲೂ ಆಯಿತು. ಗೋಡೆಚಿತ್ರದ ಕಷ್ಟ ಬಲ್ಲವರೇ ಬಲ್ಲರು. ಸುಣ್ಣದ ಗಾರೆ ಹಸಿಯಾಗಿದ್ದಾಗಲೇ ಬಣ್ಣ ಹಚ್ಚಬೇಕು. ಆರಿದ ಮೇಲೆ ಹಚ್ಚಿದ ಬಣ್ಣ ಸಿಪ್ಪೆ ಎದ್ದು ಉದುರುತ್ತದೆ. ಅಷ್ಟು ದೊಡ್ಡ ಗೋಡೆಯಲ್ಲಿ ಒಂದು ಮೂಲೆ ಬರೆಯುವಷ್ಟರಲ್ಲಿ ಇನ್ನೊಂದು ಮೂಲೆ ಆರಿಹೋದರೆ ಗತಿಯೇನು? ಅವನಿಗೆ ನಿದ್ದೆ ಹತ್ತಲಿಲ್ಲ, ಅನ್ನ ಸೇರಲಿಲ್ಲ.

ಆಗಲೇ ಬಂದ ಒಬ್ಬ ಬಣ್ಣದ ವ್ಯಾಪಾರಿ. ನಿಜವಾಗಿ ಅವನು ಬೂದಿಗಣ್ಣನೆಂಬ ಮಾಂತ್ರಿಕ. ನೋಡಿದಾಗಲೆಲ್ಲ ಒಂದೊಂದು ಮುಖ ಹೊತ್ತು ಬರುವವನು. ಕಣ್ಣು ಮಾತ್ರ ಯಾವಾಗಲೂ ತಣ್ಣಗಾದ ಒಲೆಯ ಬೂದಿಯ ಬಣ್ಣ.

"ಓಜರೇ, ಇದು ಆರದ ಸುಣ್ಣ," ಎಂದು ಚೀಲ ಬಿಚ್ಚಿದ. "ತಿಂಗಳುಗಟ್ಟಲೆ ಹಸಿಯಾಗಿರುತ್ತೆ. ದುಡ್ಡು ಬೇಡ. ಒಂದೇ ಮಾತು, ಚಿತ್ರದಲ್ಲಿ ಮನುಷ್ಯರನ್ನ ಬರೀಬೇಡಿ. ಈ ಸುಣ್ಣಕ್ಕೆ ಅದು ಆಗಿಬರಲ್ಲ."

ಕೇತೋಜ ನಕ್ಕುಬಿಟ್ಟ. ತಾನು ಹುಟ್ಟಿದಾಗಿನಿಂದ ಪಾಲಿಸುತ್ತಿದ್ದ ಕಟ್ಟಳೆಯನ್ನೇ ಇವನು ಬೆಲೆಯಾಗಿ ಕೇಳುತ್ತಿದ್ದಾನೆ! ಬೇರೆ ಯಾವ ಚಿತ್ರಕಾರನಾದರೂ ಯಾಕೆ, ಏನು ಎಂದು ಕೇಳುತ್ತಿದ್ದನೇನೋ. ಮನೆ ಬರೆಯುವ ಓಜ ಕೇಳಲಿಲ್ಲ. ಸುಣ್ಣ ಕಲಸಿ ಗೋಡೆಗೆ ಮೆತ್ತಿದ.

ಬಿದಿರಿನ ಸಾರವೆ ಕಟ್ಟಿಕೊಂಡು ಮೇಲೆ ಹತ್ತಿದವನು ತಿಂಗಳುಗಳು ಕಳೆದರೂ ಇಳಿಯಲಿಲ್ಲ. ಅಲ್ಲೇ ಊಟ, ಅಲ್ಲೇ ನಿದ್ದೆ. ಜಗುಲಿಯ ಪಾಠ ಚಾಗಲೆಯ ಪಾಲಿಗೆ ಬಂತು. ಅವಳು ಬುತ್ತಿ ತಂದರೆ ಬೆನ್ನು ತಿರುಗಿಸಿಯೇ ಕೈ ಚಾಚುತ್ತಿದ್ದ.

"ಅಪ್ಪಯ್ಯ, ಬೀದೀಲಿ ಒಬ್ಬರಾದರೂ ಬೇಡ್ವಾ? ನೋಡಿದರೆ ಭಯ ಆಗುತ್ತೆ."

"ಗೆರೆ ಕೆಡುತ್ತೆ ಮಗಳೇ."

"ನಮ್ಮ ಮನೆ ಎಲ್ಲಿ?"

"ಬೀದಿಯ ಕೊನೆಗೆ. ದೂರದ್ದು ಚಿಕ್ಕದಾಗಿ ಕಾಣಬೇಕು, ಅದೇ ಕ್ರಮ."

ಕೊನೆಯ ದಿನ ಬೆಳಿಗ್ಗೆ ಅವನು ಆ ಮನೆಯನ್ನೂ ಬರೆದು ಮುಗಿಸಿದ. ಬರೆದದ್ದೇನು, ಕುಂಚದ ಒಂದು ಅಡ್ಡ ಗೀಟು, ಒಂದು ಉದ್ದ ಗೀಟು, ಕಿಟಕಿಗೆಂದು ಒಂದು ಚುಕ್ಕೆ. ಬಾಗಿಲು ಬರೆಯುವಷ್ಟು ಜಾಗವೂ ಇರಲಿಲ್ಲ.

ಚುಕ್ಕೆ ಇಟ್ಟದ್ದೇ ತಡ, ಹೊರಗಿನ ಸದ್ದೆಲ್ಲ ನಿಂತುಹೋಯಿತು.

ಕೇತೋಜ ಕೆಳಗಿಳಿದು ಓಡಿದ. ಸಿಂಹಾಸನದ ಮುಂದೆ ದೊರೆಯ ಪಾದುಕೆಗಳು ಮಾತ್ರ ಇದ್ದವು. ಬೀದಿಗೆ ಬಂದ. ಗಾಣದ ಎತ್ತು ಸುತ್ತುತ್ತಿತ್ತು, ಹೊಡೆಯುವವರಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ಇಳಿಸುವವರಿಲ್ಲ. ತೊಟ್ಟಿಲು ತೂಗುತ್ತಿತ್ತು, ಮಗುವಿಲ್ಲ. "ಚಾಗಲೆ!" ಎಂದು ಕೂಗಿದ. ಅವನ ಕೂಗೇ ಖಾಲಿ ಮನೆಗಳಿಗೆ ಬಡಿದು ವಾಪಸ್ಸು ಬಂತು. ಅವನು ಮತ್ತೆ ಸಭಾಭವನಕ್ಕೆ ಬಂದಾಗ ಬೂದಿಗಣ್ಣ ಸಿಂಹಾಸನದ ಮೇಲೆ ಕಾಲು ಚಾಚಿ ಕೂತಿದ್ದ.

"ಖಾಲಿ ಮನೆ ಬರೆದರೆ ಅದಕ್ಕೆ ಹಸಿವಾಗುತ್ತೆ ಓಜ. ಅದು ಯಾರದೋ ಅವರನ್ನ ಎಳಕೊಳ್ಳುತ್ತೆ. ನಿನ್ನ ಊರೆಲ್ಲ ಈಗ ಗೋಡೆಯೊಳಗೆ. ತುಂಬಿದ ಕಣಜ, ತುಂಬಿದ ಖಜಾನೆ, ಕೇಳೋರಿಲ್ಲದ ರಾಜ್ಯ, ಎಲ್ಲ ನಂದು."

"ನನ್ನನ್ಯಾಕೆ ಬಿಟ್ಟಿದೆ?"

"ನಿನಗೆಲ್ಲಿದೆ ಮನೆ? ನೀನು ಸಾರವೆ ಮೇಲಿನವನು."

ಕೇತೋಜ ನೀರಿನ ಕೊಡಕ್ಕೆ ಕೈ ಹಾಕಿದ. ಗೋಡೆ ತೊಳೆದುಬಿಡೋಣ ಎನಿಸಿತ್ತು. ಮಾಂತ್ರಿಕ ಗಹಗಹಿಸಿ ನಕ್ಕ. "ತೊಳಿ, ತೊಳಿ! ಬಣ್ಣದ ಜೊತೆ ಅವರೂ ಹರಿದುಹೋಗ್ತಾರೆ. ಗಾರೆ ಆರೋತನಕ ಅವರು ಜೀವ. ಆರಿದ ಮೇಲೆ ಬರೀ ಬಣ್ಣ. ಸಂಜೆಗೆಲ್ಲ ಆರುತ್ತೆ, ಇವತ್ತಿಗೆ ನನ್ನ ಮಂತ್ರ ತೆಗೆದಿದ್ದೀನಿ. ಬೇಕಿದ್ದರೆ ಒಳಗೆ ಹೋಗಿ ಕರಕೊಂಡು ಬಾ. ಅಲ್ಲಿ ನಾನು ಕಾವಲು ಇಟ್ಟಿಲ್ಲ. ನೀನು ಬರೆದ ತಪ್ಪುಗಳೇ ಕಾವಲು."

ಹೀಗೆಂದು ಅವನು ಖಜಾನೆ ನೋಡಲು ಹೊರಟುಹೋದ. ಕೇತೋಜ ಕೈಯನ್ನು ಗೋಡೆಗೆ ಒತ್ತಿದ. ಕೈ ಮಣಿಕಟ್ಟಿನವರೆಗೆ ಹಸಿ ಗಾರೆಯೊಳಗೆ ಇಳಿಯಿತು. ಉಸಿರು ಬಿಗಿಹಿಡಿದು ಇಡೀ ಮೈಯನ್ನೇ ಒಳಗೆ ನೂಕಿದ. ಮೈಯೆಲ್ಲ ಸುಣ್ಣವಾಗಿ ಚಿತ್ರದ ಊರಿನ ಹೆಬ್ಬಾಗಿಲ ಮುಂದೆ ಹೋಗಿ ಬಿದ್ದ.

ಹೆಬ್ಬಾಗಿಲಲ್ಲಿ ಯಾಳಿಯೊಂದು ನಿಂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು. ಕಂಬದ ಶೃಂಗಾರಕ್ಕೆಂದು ಅವನೇ ಬರೆದದ್ದು. ಈಗ ಅದು ಉಗುರಿನಿಂದ ಕಲ್ಲು ಕೆರೆಯುತ್ತಿತ್ತು. "ಬರೆದವನೇ, ಬಾ," ಎಂದು ಗುರುಗುಟ್ಟಿತು. "ಹೊಟ್ಟೆ ಬರೆದೆ, ಹೊಟ್ಟೆಗೆ ಏನೂ ಬರೆಯಲಿಲ್ಲ." ಓಡಿದರೆ ಹಿಡಿದು ತಿನ್ನುತ್ತದೆ, ನಿಂತರೆ ಹೊತ್ತು ಹೋಗುತ್ತದೆ. ಆಗ ಅವನಿಗೆ ನೆನಪಾಯಿತು. ಯಾಳಿಯನ್ನು ಬರೆದದ್ದು ಪಕ್ಕದಿಂದ. ಒಂದೇ ಕಣ್ಣು, ಒಂದೇ ಕಿವಿ. ಆಚೆ ಮಗ್ಗುಲು ಬರೆದೇ ಇಲ್ಲ! ಅವನು ಒಂದೇ ನೆಗೆತಕ್ಕೆ ಆಚೆ ಮಗ್ಗುಲಿಗೆ ಹಾರಿದ. ಅಲ್ಲಿ ಬರಿಯ ಬಿಳಿ ಸುಣ್ಣ. ಯಾಳಿ ಸೊಂಡಿಲು ಚಾಚಿ ಮೂಸಿತು. ಅವನ ಮೈಗೂ ಸುಣ್ಣದ್ದೇ ವಾಸನೆ. ಎಲ್ಲಿ ಹೋದ, ಎಲ್ಲಿ ಹೋದ ಎಂದು ಅದು ನಿಂತಲ್ಲೇ ಸುತ್ತುತ್ತಿರುವಾಗ ಅವನು ಗೋಡೆಗಂಟಿಕೊಂಡು ಒಳಗೆ ನುಸುಳಿದ.

ಮುಂದೆ ದೊಡ್ಡ ಬೀದಿ. ಅವನು ಓಡತೊಡಗಿದ. ಓಡಿದಷ್ಟೂ ಮನೆಗಳು ಚಿಕ್ಕವಾಗುತ್ತ ಬಂದವು. ಮೊದಲು ಸೂರು ತಲೆಗೆ ತಗುಲಿತು. ಆಮೇಲೆ ಸೊಂಟಕ್ಕೆ ಬಂತು. ಆಮೇಲೆ ಮನೆಗಳು ಅಕ್ಕಿ ಅಳೆಯುವ ಸೇರಿನಷ್ಟಾದವು. ದೂರದ್ದು ಚಿಕ್ಕದು, ಅದೇ ಕ್ರಮ! ಆ ಪುಟ್ಟ ಕಿಟಕಿಗಳಿಂದ ಜನ ಸೊಳ್ಳೆಯ ದನಿಯಲ್ಲಿ "ಓಜರೇ, ತುಳೀಬೇಡಿ, ತುಳೀಬೇಡಿ!" ಎಂದು ಅಳುತ್ತಿದ್ದರು. ಬೀದಿಯ ಕೊನೆಯ ಚುಕ್ಕೆ ಅವನ ಮಗಳಿದ್ದ ಮನೆ. ಇನ್ನೊಂದು ಹೆಜ್ಜೆ ಇಟ್ಟರೆ ಅದು ಅವನ ಹಿಮ್ಮಡಿಯ ಕೆಳಗೆ. ಅವನು ಒಂಟಿಕಾಲಿನಲ್ಲಿ ನಿಂತು ಬೆವೆತುಹೋದ.

ಮನೆ ಚಿಕ್ಕದಲ್ಲ, ನಾನು ದೂರ ನಿಂತು ನೋಡಿದೆ ಅಷ್ಟೇ, ಎಂದುಕೊಂಡ. ನೋಡುವುದರಿಂದಲೇ ಚಿಕ್ಕದಾಗುತ್ತಿದ್ದರೆ ನೋಡದೆ ನಡೆಯುತ್ತೇನೆ. ಮೆಲ್ಲಗೆ ಹಿಂದಕ್ಕೆ ಸರಿದು ಬೀದಿಯ ಮೊದಲಿಗೆ ಬಂದು ಕಣ್ಣು ಮುಚ್ಚಿದ. ಮುಚ್ಚಿದ ಮೇಲೆ ಇನ್ನೊಂದು ದಿಗಿಲು ಹಿಡಿಯಿತು. ಮನೆಗೆ ದಾರಿ ಹೇಗೆ? ತಿಂಗಳುಗಳಿಂದ ಆ ದಾರಿ ತುಳಿದಿಲ್ಲ. ತುಳಿದಾಗಲೂ ತಲೆಯೆತ್ತಿ ಗೋಪುರ ನೋಡುತ್ತಲೇ ನಡೆದವನು. ಎಡಕ್ಕೆ ಹೋಗಿ ಗೋಡೆಗೆ ಬಡಿದ. ಬಲಕ್ಕೆ ಹೋಗಿ ಮುಗ್ಗರಿಸಿದ. ಕೊನೆಗೆ ಎಣ್ಣೆಹಿಂಡಿಯ ವಾಸನೆ ಮೂಗಿಗೆ ಬಡಿಯಿತು. ಮಾಚಣ್ಣನ ಗಾಣ! ಅಲ್ಲಿಂದ ಇಳಿಜಾರು. ಇಳಿಜಾರಿನ ಕೊನೆಗೆ ಬಟ್ಟೆ ಒಗೆಯುವ ಕಲ್ಲು ಕಾಲಿಗೆ ತಗುಲಿತು. ಕೈ ಚಾಚಿದರೆ ತನ್ನ ಮನೆಯ ಗೋಡೆ, ತಲೆಗಿಂತ ಎತ್ತರ. ಕಣ್ಣು ಬಿಟ್ಟ.

ಗೋಡೆಗೆ ಬಾಗಿಲಿರಲಿಲ್ಲ. ಚುಕ್ಕೆಯಂಥ ಕಿಟಕಿಯ ಆಚೆ ಯಾರೋ ಕೆಮ್ಮಿದರು.

"ಚಾಗಲೆ!"

"ಅಪ್ಪಯ್ಯ? ಬೇಗ ಬನ್ನಿ, ಕಾಲು ಜೋಮು ಹಿಡೀತಿದೆ."

ಅವನು ಸೊಂಟದಲ್ಲಿದ್ದ ಇದ್ದಿಲು ತೆಗೆದು ಬಾಗಿಲು ಬರೆದ. ನೂಲಿಲ್ಲ, ಅಳತೆಯಿಲ್ಲ. ಅವನು ಜನ್ಮದಲ್ಲಿ ಬರೆದ ಅತ್ಯಂತ ಸೊಟ್ಟ ಬಾಗಿಲು ಅದು. ಕಿರ್ರೆಂದು ತೆರೆಯಿತು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು. ಪಾದಗಳು ಆಗಲೇ ಸುಣ್ಣದಂತೆ ಬೆಳ್ಳಗಾಗಿದ್ದವು. ಅವನು ಕೈಹಿಡಿದು ಎಳೆದ. ಅವಳು ಕದಲಲಿಲ್ಲ. ಆಗ ಮನೆಯೇ ಮಾತಾಡಿತು.

"ಬರೆದವನೇ, ನಾನು ಖಾಲಿ ಮನೆ. ಒಬ್ಬರನ್ನು ಕೊಡು, ಒಬ್ಬರನ್ನು ಒಯ್ಯಿ."

"ನಾನಿದ್ದೀನಲ್ಲ, ನನ್ನ ಇಟ್ಟುಕೋ!"

"ನೀನು ಇಲ್ಲಿ ವಾಸವಿದ್ದವನಲ್ಲ," ಎಂದಿತು ಮನೆ.

ಕೇತೋಜ ಹೊಸ್ತಿಲ ಮೇಲೆ ಕುಸಿದು ಮಗುವಿನಂತೆ ಅತ್ತುಬಿಟ್ಟ. ಚಾಗಲೆಯೇ ಅವನ ಭುಜ ಅಲುಗಿಸಿದಳು. "ಅಳೋಕೆ ಹೊತ್ತಿಲ್ಲ ಅಪ್ಪಯ್ಯ. ಒಬ್ಬರನ್ನ ಕೊಡಿ ಅಂತಿದೆ ತಾನೇ? ನನ್ನ ಬರೀರಿ. ಈ ಬಾಗಿಲ ಪಕ್ಕ ಬರೆದುಕೊಡಿ."

"ನಾನು ಮನುಷ್ಯರನ್ನ..."

"ಗೊತ್ತು. ಬರೀರಿ."

ಅವನು ಇದ್ದಿಲು ಎತ್ತಿದ. ಗೋಡೆ ನೋಡುತ್ತಲೇ ಸರಸರ ಬರೆದ. ಮನೆ ಒಪ್ಪಲಿಲ್ಲ. "ಇದು ಕಂಬ," ಎಂದಿತು. ಒರೆಸಿ ಮತ್ತೆ ಬರೆದ. "ಇದು ಯಾರೋ ಹುಡುಗಿ. ನಮ್ಮವಳಲ್ಲ," ಎಂದಿತು. ಊರಿನ ಒಂದೊಂದು ಕಂಬದ ಸುತ್ತಳತೆ ಹೇಳಬಲ್ಲವನಿಗೆ ಮಗಳ ಹುಬ್ಬು ಹೇಗಿದೆ ಎಂದು ತಿಳಿದಿರಲಿಲ್ಲ. ನಾಚಿಕೆಯಿಂದ ಅವನ ಮುಖ ಸುಟ್ಟುಹೋಯಿತು. ಮೇಲೆ ಗೋಪುರದ ಕಡೆಯಿಂದ ಚಿಟಿಚಿಟಿ ಎಂದು ಗಾರೆ ಆರುವ ಸದ್ದು ಇಳಿದು ಬರುತ್ತಿತ್ತು. ಚಾಗಲೆಯ ಸೊಂಟದವರೆಗೂ ಬಿಳುಪು ಏರಿತ್ತು.

"ನನ್ನ ಕಡೆ ತಿರುಗಿ ಅಪ್ಪಯ್ಯ. ನೋಡಿ ಬರೀರಿ."

ಅವನು ತಿರುಗಿದ, ನೋಡಿದ. ಹುಬ್ಬುಗಳು ಅವಳ ತಾಯಿಯವು. ಮೂಗು ತನ್ನದೇ, ಕೊಂಚ ಎಡಕ್ಕೆ ವಾಲಿದ್ದು. ಹಣೆಯ ಅಂಚಿನಲ್ಲಿ ಒಂದು ಹಳೆಯ ಗಾಯದ ಗೆರೆ.

"ಇದು ಯಾವಾಗ ಆಗಿದ್ದು?"

"ಚಿಕ್ಕವಳಿದ್ದಾಗ ನಿಮ್ಮ ಏಣಿಯಿಂದ ಬಿದ್ದೆ. ಅಳಬೇಡ, ಕೈ ನಡುಗುತ್ತೆ ಅಂದ್ರಿ. ನಾನು ಅಳಲಿಲ್ಲ."

ಕೇತೋಜನ ಕೈ ಈಗ ನಡುಗಿತು. ನಡುಗುವ ಕೈಯಲ್ಲೇ ಆ ಗೆರೆ ಬರೆದ. ವಾಲಿದ ಮೂಗು ಬರೆದ. ಭಯವಿದ್ದರೂ ತೋರಿಸಿಕೊಳ್ಳದ ಆ ತುಟಿಗಳನ್ನು ಬರೆದ. ಕಿವಿ ಎಲ್ಲೋ ಹೋಯಿತು, ಕತ್ತು ಉದ್ದವಾಯಿತು. ಅವನು ಒರೆಸಲಿಲ್ಲ. ಮನೆ ಆ ಮುಖವನ್ನು ಗೆರೆಗೆರೆಯಾಗಿ ನೋಡಿತು. ಆಮೇಲೆ, "ಹೂಂ, ನಮ್ಮ ಹುಡುಗಿ," ಎಂದಿತು.

ಹೊಸ್ತಿಲು ಅವಳ ಕಾಲು ಬಿಟ್ಟಿತು. ತಂದೆ ಮಗಳು ಕಣ್ಣು ಮುಚ್ಚಿ ಕೈ ಕೈ ಹಿಡಿದು ಓಡಿದರು. ಯಾಳಿಯ ಬರೆಯದ ಮಗ್ಗುಲಿನಿಂದ ನುಸುಳಿ ಗೋಡೆಯಿಂದ ಹೊರಗೆ, ಸಭಾಭವನದ ನೆಲದ ಮೇಲೆ ಬಿದ್ದರು.

ಏಳುವಷ್ಟರಲ್ಲಿ ಬೂದಿಗಣ್ಣ ಬಾಗಿಲಲ್ಲಿದ್ದ. ಅವರನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಕಮ್ಮಾರನ ತಿದಿಯಂಥ ದೊಡ್ಡ ತೊಗಲು ಚೀಲ ತಂದು ಒತ್ತತೊಡಗಿದ. ಬೆಂಕಿಯಂಥ ಗಾಳಿ ಗೋಡೆಗೆ ಬಡಿಯಿತು. ಗೋಪುರಗಳು ಆರಿದವು. ಉಪ್ಪರಿಗೆಗಳು ಆರತೊಡಗಿದವು. ಬಿಳುಪು ಮೇಲಿನಿಂದ ಮನೆಗಳ ಕಡೆಗೆ ಇಳಿಯಿತು.

ಚಾಗಲೆ ಅಪ್ಪನ ಕೈಯಿಂದ ಇದ್ದಿಲು ಕಿತ್ತುಕೊಂಡಳು. ಅವಳಿಗೆ ನೋಡುವುದೂ ಬೇಕಿರಲಿಲ್ಲ. ಗಾಣದ ಮನೆಯ ಬಾಗಿಲಲ್ಲಿ ಮಾಚಣ್ಣನನ್ನು ಬರೆದಳು. ಹೆಬ್ಬೆರಳಿನಷ್ಟು ಮಾಚಣ್ಣ ಗೋಡೆಯಿಂದ ಧೊಪ್ಪೆಂದು ಬಿದ್ದು ಆಳೆತ್ತರ ಎದ್ದು ನಿಂತ. "ಸುಮ್ಮನೆ ನಿಂತಿದ್ದೀಯಲ್ಲ, ನಿಮ್ಮವ್ವನ್ನ ಬರಿ!" ಎಂದು ಅವನ ಕೈಗೆ ಇದ್ದಿಲಿನ ಚೂರು ತುರುಕಿದಳು. ಮಾಚಣ್ಣ ಬರೆದ ತಲೆ ಕುಂಬಳಕಾಯಿಯಂತಿತ್ತು, ಆದರೆ ಕುಂಬಳಕಾಯಿಯ ಮೇಲೆ ಅವನವ್ವನ ಸಿಟ್ಟಿನ ಕಣ್ಣುಗಳಿದ್ದವು. ಮುದುಕಿ ಬೈಯುತ್ತಲೇ ಹೊರಗೆ ಬಂದಳು. ಹೊನ್ನವ್ವೆ ಬಂದವಳು ಗಂಡನನ್ನು ಬರೆದಳು. ಗಂಡ ಬಂದವನು, ತಾನು ಎಂದೂ ಇದ್ದಿಲು ಮುಟ್ಟದವನು, ತೊಟ್ಟಿಲ ಮಗುವನ್ನು ಬರೆದ. ಜಗುಲಿಯಲ್ಲಿ ಕಲಿತವರು, ಕಲಿಯದವರು ಎಲ್ಲರೂ ಗೋಡೆಗೆ ಮುಗಿಬಿದ್ದರು. ಕೇತೋಜ ಅವರ ನಡುವೆ ಓಡಾಡುತ್ತ, "ಗೆರೆ ಸೊಟ್ಟಗಾದರೆ ಆಗಲಿ! ಮುಖ ನೆನಪು ಮಾಡ್ಕೊಳ್ಳಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಅಂಥ ಪಾಠವನ್ನು ಅವನು ಎಂದೂ ಹೇಳಿರಲಿಲ್ಲ.

ಕೊನೆಗೆ ಉಳಿದವನು ದೊರೆ. ದೊರೆಯನ್ನು ಬರೆಯುವವರು ಯಾರು? ಮಂತ್ರಿ ತಲೆ ಕೆರೆದುಕೊಂಡ, ಸೇನಾಪತಿ ಆಕಾಶ ನೋಡಿದ. ದೊರೆಯ ಮುಂದೆ ಎಲ್ಲರೂ ತಲೆ ತಗ್ಗಿಸಿಯೇ ನಿಂತವರು. ಅವರಿಗೆ ಗೊತ್ತಿದ್ದದ್ದು ಪಾದುಕೆ ಮಾತ್ರ. ಅರಮನೆಯ ಸೂರು ಆರಿ ಬೆಳ್ಳಗಾಗುತ್ತಿತ್ತು. ಅಷ್ಟರಲ್ಲಿ ಕ್ಷೌರದ ಸಿಂಗಣ್ಣ ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಗಲ್ಲದ ಕೆಳಗೆ ಒಂದು ನರೂಲಿ ಐತೆ, ಯಾರಿಗೂ ಹೇಳಬೇಡ ಅಂದವ್ರೆ," ಎನ್ನುತ್ತ ಎಲ್ಲರೆದುರಿಗೇ ಬರೆದುಬಿಟ್ಟ. ದೊರೆ ಉರುಳಿಕೊಂಡು ಹೊರಗೆ ಬಿದ್ದ.

ಊರು ಹೊರಗೆ ಬಂದಿತ್ತು. ಆದರೆ ಬೂದಿಗಣ್ಣ ತಿದಿ ಬಿಸಾಡಿ ಚಾಗಲೆಯ ಕಡೆಗೆ ನಡೆದ. "ಇನ್ನೊಂದು ಗೋಡೆ ಸಿಗುತ್ತೆ, ಇನ್ನೊಬ್ಬ ಓಜ ಸಿಗ್ತಾನೆ," ಎಂದ. "ಮುಖ ಬರೆಯೋ ಈ ಕೈ ಮಾತ್ರ ಉಳೀಬಾರದು." ಅವಳ ಮಣಿಕಟ್ಟು ಹಿಡಿದ. ಸೈನಿಕರ ಕತ್ತಿಗಳು ಅವನ ಮೈಗೆ ತಗುಲಿ ಬೂದಿಯಾಗಿ ಉದುರಿದವು.

ಕೇತೋಜ ಗೋಡೆ ನೋಡಿದ. ಬುಡದಲ್ಲಿ ಅಂಗೈಯಗಲ ಜಾಗ ಇನ್ನೂ ಹಸಿಯಾಗಿತ್ತು. ಅವನು ಮಂಡಿಯೂರಿ ಕಾವಿಯ ನೂಲು ಮೀಟಿದ. ನಾಲ್ಕು ಗೋಡೆ, ಮಾಡು, ಬಣ್ಣದ ಮಡಕೆಗಳ ಸಾಲು, ನಡುವೆ ಕೂರಲು ಒಂದು ಮಣೆ. ಮಣೆಯ ಮೇಲೆ ಯಾರೂ ಇಲ್ಲ.

"ಬಣ್ಣದ ವ್ಯಾಪಾರಿಗಳೇ," ಎಂದು ಕರೆದ. "ನಿಮಗೆ ಊರಲ್ಲಿ ಒಂದು ಅಂಗಡಿ ಇರಲಿಲ್ಲ ನೋಡಿ. ನಿಮ್ಮದೆಂದೇ ಬರೆದಿದ್ದೀನಿ."

ಬೂದಿಗಣ್ಣನ ಹಿಡಿತ ಸಡಿಲಿತು. ಕಾಲು ತಾನಾಗಿ ಗೋಡೆಯತ್ತ ಎಳೆಯಿತು. "ಬರೀರಿ, ಯಾರಾದರೂ ನನ್ನ ಮುಖ ಬರೀರಿ!" ಎಂದು ಕಿರುಚಿದ. ಚಾಗಲೆ ಇದ್ದಿಲು ಹಿಡಿದು ಅವನನ್ನು ನೋಡಿದಳು. ಒಂದು ಮುಖ ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. "ಯಾವುದನ್ನ ಬರೀಲಿ?" ಎಂದು ಅವಳು ಕೇಳುತ್ತಿರುವಾಗಲೇ ಅವನು ಅಂಗಡಿಯೊಳಗೆ ಜಾರಿ ಮಣೆಯ ಮೇಲೆ ಕೂತಿದ್ದ. ಆ ಅಂಗೈಯಗಲ ಜಾಗವೂ ಚಿಟಿಚಿಟಿ ಎಂದು ಆರಿತು. ಗೋಡೆಯ ಹಸಿವು ಅಲ್ಲಿಗೆ ತೀರಿತು.

ಅಂದಿನಿಂದ ಹೊಂಬಾಗಿಲಿನ ಜನ ಹಾಲು ಕಾಯಿಸಿದರು, ಗಾಣ ಆಡಿಸಿದರು, ತೊಟ್ಟಿಲು ತೂಗಿದರು. ದೊರೆ ಮಂಡಿನೋವು ಮರೆತು ದಿನಾ ಒಂದು ಬೀದಿ ಸುತ್ತಿ ಬರುತ್ತಿದ್ದ. ನರೂಲಿಯ ಸುದ್ದಿ ಊರಿಗೆಲ್ಲ ಹಬ್ಬಿದ್ದರಿಂದ ಮುಚ್ಚಿಡುವುದೇನೂ ಉಳಿದಿರಲಿಲ್ಲ. ಜಗುಲಿಯಲ್ಲಿ ಮನೆಗಳ ಪಾಠ ಕೇತೋಜನದು, ಮುಖಗಳ ಪಾಠ ಚಾಗಲೆಯದು. ಎಲ್ಲರೂ ಸುಖವಾಗಿದ್ದರು.

ಕೇತೋಜ ಮಾತ್ರ ಸುಖವಾಗಿದ್ದರೂ ನೆಮ್ಮದಿಯಾಗಿರಲಿಲ್ಲ. ಅವನು ಈಗ ಕತ್ತಲಾಗುವ ಮುಂಚೆ ಮನೆಗೆ ಬರುತ್ತಿದ್ದ. ಬಂದವನು ಗೆರೆ ಎಳೆಯುತ್ತ ಕೂತಿದ್ದರೂ ಹೊತ್ತುಹೊತ್ತಿಗೆ ಕುಂಚ ಕೆಳಗಿಟ್ಟು, ಒಳಗೆ ಕಿವಿಗೊಟ್ಟು ಕೂಗುತ್ತಿದ್ದ.

"ಚಾಗಲೆ?"

"ಇದ್ದೀನಿ ಅಪ್ಪಯ್ಯ."

ಆಮೇಲೆ ಒಳಗಿನ ಸದ್ದು ನಿಂತರೆ, ಎದ್ದು ಹೋಗಿ ನೋಡಿಯೂ ಬರುತ್ತಿದ್ದ.